ಬರಲಿರುವ ಔಷಧಿ

ನಾಸಿಕದಿಂದ ಹೊರಟ ಬಸ್ಸು ಯೇವಲಾ ದಾಟಿದ ಮೇಲೆ ರಘೋತ್ತಮನಿಗೆ ಕಿಟಕಿಯ ಮೇಲೆ ಸಿಟ್ಟು ಬಂತು. ಗಾಜು ಅರ್ಧಕ್ಕೆ ಸಿಕ್ಕಿಕೊಂಡು ಅತ್ತ ಮುಚ್ಚದೆ ಇತ್ತ ತೆರೆಯದೆ ನಿಂತಿತ್ತು. ಡಿಸೆಂಬರಿನ ಗಾಳಿ ನೇರ ಕಿವಿಯೊಳಕ್ಕೇ ನುಗ್ಗುತ್ತಿತ್ತು. ಎರಡೂ ಕೈಯಿಂದ ಎಳೆದ. ಮುಷ್ಟಿಯಿಂದ ಗುದ್ದಿದ. ಕೊನೆಗೆ ಎದ್ದು ನಿಂತು, ಇದು ಬಸ್ಸೋ ದನದ ಕೊಟ್ಟಿಗೆಯೋ ಎಂದು ಮರಾಠಿಯಲ್ಲಿ ಕಂಡಕ್ಟರನ ಮೇಲೆ ಹರಿಹಾಯ್ದ. ಕಂಡಕ್ಟರ್ ಟಿಕೆಟಿನ ಯಂತ್ರದಿಂದ ಕಣ್ಣೆತ್ತದೆ, ‘ಕಾಕಾ, ಥಂಡಿ ನಿಮಗೊಬ್ಬರಿಗೇ ಏನು?’ ಎಂದು ಮುಂದೆ ಸರಿದ. ಹಿಂದಿನ ಸೀಟಿನ ಹೆಂಗಸು ಕಿಸಕ್ಕನೆ ನಕ್ಕಳು. ರಘೋತ್ತಮ ಕೂತ. ಕರ್ಚೀಫನ್ನು ಕಿವಿಗೆ ಸುತ್ತಿಕೊಂಡ. ಗುದ್ದಿದ ಮುಷ್ಟಿ ಉರಿಯುತ್ತಿತ್ತು, ಆ ಉರಿ ಒಂದು ರೀತಿ ಹಿತವಾಗಿಯೂ ಇತ್ತು. ತನ್ನ ಸಿಟ್ಟು ಯಾವತ್ತೂ ಹುಟ್ಟಿದ ಮನೆಯಲ್ಲಿ ಉಣ್ಣುವುದಿಲ್ಲ, ಬೇರೆ ಯಾರದೋ ಬಾಗಿಲಿಗೆ ಹೋಗಿ ಒದೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದು ಮಾಡುವುದೇನು. ತೊಡೆಯ ಮೇಲೆ ಹೆಂಡತಿ ಮಂದಾಕಿನಿ ಕೊಟ್ಟ ಚಕ್ಕುಲಿಯ ಡಬ್ಬಿ ಇತ್ತು, ಔರಂಗಾಬಾದಿನಲ್ಲಿ ಸಂಶೋಧನೆ ಮಾಡುವ ಮಗಳು ಪ್ರಾಚಿಗೆ. ಬ್ಯಾಂಕಿನ ಔರಂಗಾಬಾದ್ ಶಾಖೆಯಲ್ಲಿ ಕೆಲಸವಿದೆ ಎಂದು ಹೇಳಿದ್ದಕ್ಕೆ, ಹಾಗಾದರೆ ಪ್ರಾಚಿಗೆ ಇಷ್ಟು ಒಯ್ಯಿರಿ ಎಂದು ಬೆಳಗಿನ ಜಾವವೇ ಎದ್ದು ಕಟ್ಟಿ ಕೊಟ್ಟಿದ್ದಳು. ಅವಳು ಏನೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಅವನ ಜೊತೆ ಬಾಳಿ, ಕೇಳದೆ ಇರುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು.

ನಿನ್ನೆ ಊಟದ ಹೊತ್ತಿಗೆ ಕಿಟ್ಟಣ್ಣ ಬ್ಯಾಂಕಿಗೆ ಬಂದಿದ್ದ. ದೇವಳಾಲಿಯ ಮಿಲಿಟರಿ ಕ್ಯಾಂಪಿನಲ್ಲಿ ಹೋಟೆಲು ಇಟ್ಟವನು, ಕುಂದಾಪುರದ ಕಡೆಯವನು. ರಘೋತ್ತಮ ಬಾಗಲಕೋಟೆ ಕಡೆಯಿಂದ ವರ್ಗವಾಗಿ ನಾಸಿಕಕ್ಕೆ ಬಂದ ಮೊದಲ ವರ್ಷ, ಹೆಂಡತಿ ಮಗಳು ಊರಲ್ಲೇ ಇದ್ದಾಗ, ಎರಡು ಹೊತ್ತೂ ಉಂಡದ್ದು ಅಲ್ಲಿ. ಅನ್ನ ಸಾರು ತಿಂದು ತಿಂದು ಒಂದು ದಿನ ತಟ್ಟೆ ನೂಕಿ, ‘ಜೋಳದ ರೊಟ್ಟಿ ಇಲ್ಲದ ಊರಾಗ ಮನಿಶಾ ಹ್ಯಾಂಗ ಬದುಕ್ತಾನ್ರಿ?’ ಎಂದು ಚೀರಿದ್ದ. ಮರುವಾರ ಕಿಟ್ಟಣ್ಣನ ಹೆಂಡತಿ ಸರೋಜಿನಿ, ಜನ್ಮದಲ್ಲಿ ಜೋಳದ ಹಿಟ್ಟು ಮುಟ್ಟದವಳು, ಯಾರನ್ನೋ ಕೇಳಿ ಕಲಿತು ರೊಟ್ಟಿ ಬಡಿದಿದ್ದಳು. ಅಂಚೆಲ್ಲ ಒಡೆದ, ಹಲಗೆಯಷ್ಟು ದಪ್ಪದ ರೊಟ್ಟಿ. ತಟ್ಟೆಗೆ ಹಾಕಿ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಓಡಿಹೋಗಿದ್ದಳು. ಆ ಕೈ ಈಗ ಎತ್ತಲು ಬರುವುದಿಲ್ಲ, ಮಳೆಗಾಲದಲ್ಲಿ ಆಪರೇಷನ್ ಆದಾಗಿನಿಂದ ಊದಿಕೊಂಡಿದೆ. ಎದೆಯ ಗಂಟು ತೆಗೆದಾಗಿದೆ, ಬೇರು ಎಲ್ಲಾದರೂ ಉಳಿದಿರಬಹುದು, ಕೀಮೋ ಪೂರ್ತಿ ಮುಗಿಸಿದರೆ ಬದುಕುತ್ತಾಳೆ, ನಡುವೆ ಬಿಟ್ಟರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿದ್ದರು. ಹೇಳುವಾಗ ರಘೋತ್ತಮನೂ ಪಕ್ಕದಲ್ಲೇ ಇದ್ದ. ಡಾಕ್ಟರರ ಮರಾಠಿಯನ್ನು, ಗಲ್ಲಾದ ಮರಾಠಿಯಷ್ಟೇ ಬರುವ ಕಿಟ್ಟಣ್ಣನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ಅವನೇ.

ನಿನ್ನೆ ಕೌಂಟರಿನ ಕಿಂಡಿಯಲ್ಲಿ ಬಾಳೆಎಲೆಯ ಪೊಟ್ಟಣ ತೂರಿಸಿ ಕಿಟ್ಟಣ್ಣ ಹೇಳಿದ್ದ: ‘ಗೋಳಿಬಜೆ. ಬಿಸಿ ಉಂಟು, ತಿನ್ನಿ ರಾಯರೆ. ಇವತ್ತು ಅವಳೇ ಅಡುಗೆಮನೆಗೆ ಬಂದು ಹಿಟ್ಟು ಕಲಸಿದ್ದು.’

‘ಕೀಮೋ ನಡದಾಗ ಒಲಿ ಮುಂದ ಯಾಕ ನಿಂದರಿಸಿದ್ರಿ?’

‘ಕೀಮೋ ಎಲ್ಲಿ ಮಾರಾಯ್ರೆ? ಅದು ನಿಲ್ಲಿಸಿ ಆಯ್ತಲ್ಲ. ಸಭೆಯಲ್ಲಿ ನೀವು ಹೇಳಿದ ಮರುವಾರವೇ ನಿಲ್ಲಿಸಿದ್ದು. ನಿಮ್ಮ ಪ್ರಾಚಿಯದ್ದು ಹೇಗೂ ಬರ್ತದೆ, ಮತ್ತೆ ಆ ವಿಷ ಯಾಕೆ ಮೈಗೆ? ಅದು ಬರುವವರೆಗೆ ಸ್ವಲ್ಪ ಮೈ ಹಿಡಿಯಲಿ ಅಂತ. ಕೂದಲು ಹುಟ್ಟಿದೆ ಗೊತ್ತುಂಟಾ, ಕೋಳಿಮರಿಯ ಹಾಗೆ!’ ಕಿಂಡಿಯ ಆ ಕಡೆ ಕಿಟ್ಟಣ್ಣನ ಮುಖ ತುಂಬ ನಗೆ. ‘ಅವಸರ ಮಾಡುದಲ್ಲ ಆಯ್ತಾ. ನಿಮ್ಮ ಹುಡುಗಿಗೆ ತೊಂದರೆ ಕೊಡ್ಬೇಡಿ. ಸುಮ್ಮನೆ ಕೇಳುದು, ಸಂಕ್ರಾಂತಿ ಒಳಗೆ ಆಗ್ಬಹುದಾ?’

‘ನೋಡೂಣಂತ’ ಎಂದಿದ್ದ ರಘೋತ್ತಮ. ಅಷ್ಟೇ ಎಂದಿದ್ದ. ಕಿಟ್ಟಣ್ಣ ಹೋದ ಮೇಲೆ ಪೊಟ್ಟಣ ಬಿಚ್ಚಿ ಗೋಳಿಬಜೆ ತಿಂದ. ಒಂದನ್ನೂ ಬಿಡಲಿಲ್ಲ. ಯಾಕೆ ತಿಂದೆ ಎಂದು ಈಗ ಬಸ್ಸಿನಲ್ಲಿ ತನ್ನನ್ನೇ ಕೇಳಿಕೊಂಡರೆ ನಾಲಿಗೆಯ ಮೇಲೆ ಆ ಎಣ್ಣೆ ಮತ್ತೆ ಎದ್ದು ಬಂತು. ಹಸಿವೆಯಾಗಿತ್ತು, ತಿಂದ. ಒಬ್ಬಳ ಸಾವನ್ನು ಕೈಯಲ್ಲಿ ಹಿಡಿದುಕೊಂಡು ಕೂತಾಗಲೂ ಹಸಿವೆಯಾಗುತ್ತದೆ, ಹಸಿ ಮೆಣಸಿನಕಾಯಿ ಸಿಕ್ಕರೆ ಖಾರ ಸ್ವಲ್ಪ ಹೆಚ್ಚಾಯಿತು ಅನಿಸುತ್ತದೆ.

ವೈಜಾಪುರದಲ್ಲಿ ಬಸ್ಸು ನಿಂತು ಎಲ್ಲರೂ ಚಹಾಕ್ಕೆ ಇಳಿದರು, ಅವನು ಇಳಿಯಲಿಲ್ಲ. ಸಭೆ, ಸಭೆ. ಕನ್ನಡ ಸಂಘದ ರಾಜ್ಯೋತ್ಸವ ನವೆಂಬರಿನ ಕೊನೆಯ ಭಾನುವಾರಕ್ಕೆ ಬಿದ್ದಿತ್ತು, ಅದಕ್ಕೂ ಮುಂಚೆ ಹಾಲ್ ಸಿಕ್ಕಿರಲಿಲ್ಲ. ಬ್ಯಾಂಕಿನವರು, ನೋಟಿನ ಪ್ರೆಸ್ಸಿನವರು, ಹೋಟೆಲಿನವರು, ಕ್ಯಾಂಪಿನ ಇಬ್ಬರು ಸುಬೇದಾರರು. ಮಗಳಿಗೆ ಶಾಲು ಹೊದಿಸಿ ಗಂಧದ ಹಾರ ಹಾಕಿದರು. ಅಧ್ಯಕ್ಷ ವಿಶ್ವನಾಥಪ್ಪನವರು, ತಮ್ಮ ಸಂಶೋಧನೆಯ ಬಗ್ಗೆ ಎರಡು ಮಾತು, ಕನ್ನಡದಲ್ಲೇ ಆಗಬೇಕು, ಎಂದು ಮೈಕು ಕೊಟ್ಟರು. ಪ್ರಾಚಿ ಮೈಕು ಹಿಡಿದು ಅಪ್ಪನ ಕಡೆ ನೋಡಿದಳು. ‘ಲೋಕ ಹಸತೀಲ ಅಪ್ಪಾ’ ಎಂದು ಪಿಸುಗುಟ್ಟಿದಳು, ಜನ ನಗುತ್ತಾರೆ. ಮೂರು ವರ್ಷದವಳಿದ್ದಾಗ ಬಂದವಳು, ಮರಾಠಿ ಶಾಲೆ, ಮರಾಠಿ ಗೆಳತಿಯರು. ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ಹೋದರೆ ಕಾಲು ತೊಡರುತ್ತದೆ. ಅವನು ಎದ್ದು ಹೋಗಿ ಪಕ್ಕ ನಿಂತ. ನೀ ನಿನಗ ಬಂದಂಗ ಹೇಳು, ನಾ ಕನ್ನಡದಾಗ ಹೇಳ್ತೀನಿ. ಅವಳು ಮರಾಠಿಯಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ, ಒಂದೊಂದೇ ವಾಕ್ಯ ಹೇಳಿದಳು. ಮರಳು ಯಾವುದರಿಂದ ಆಗಿದೆಯೋ ಅದೇ ವಸ್ತುವಿನ ಕಣಗಳು. ಕಣ್ಣಿಗೆ ಕಾಣದಷ್ಟು ಸಣ್ಣವು. ಕಣದ ತುಂಬ ರಂಧ್ರ, ರಂಧ್ರದೊಳಗೆ ಕ್ಯಾನ್ಸರಿನ ಔಷಧಿ ತುಂಬಿ ಬಾಯಿ ಮುಚ್ಚುವುದು. ರಕ್ತದಲ್ಲಿ ಹೋಗುವಾಗ ಮುಚ್ಚಿಯೇ ಇರಬೇಕು, ಗೆಡ್ಡೆಯ ಹತ್ತಿರದ ಹುಳಿ ಆಮ್ಲಕ್ಕೆ ಮಾತ್ರ ಬಾಯಿ ತೆರೆಯಬೇಕು. ಹಾಗಾದರೆ ಔಷಧಿ ಮೈಯೆಲ್ಲ ಸುಡುವುದಿಲ್ಲ. ಹಾಗೆ ಆಗುತ್ತದೋ ಎಂದು ಇಲಿಗಳಲ್ಲಿ ನೋಡುತ್ತಿದ್ದೇವೆ. ಕೆಲವು ಇಲಿಗಳಲ್ಲಿ ಗೆಡ್ಡೆ ಸ್ವಲ್ಪ ಸಣ್ಣದಾಗಿದೆ.

ಇಷ್ಟೇ ಅವಳು ಹೇಳಿದ್ದು. ಇಷ್ಟನ್ನೇ ಅವನು ಹೇಳಬಹುದಿತ್ತು. ಆದರೆ ಮುಂದಿನ ಸಾಲಿನಲ್ಲಿ ಕೂತವರು ಆಕಳಿಸುತ್ತಿದ್ದರು, ಹಿಂದೆ ಊಟದ ಎಲೆ ಹಾಕುವ ಸದ್ದು ಕೇಳಿಸುತ್ತಿತ್ತು, ಮಗಳ ಹಣೆಯಲ್ಲಿ ಬೆವರು. ‘ಇಡ್ಲಿ ಸಾಂಬಾರ್ ಕುಡಿದಂಗ ಈ ಕಣಾ ಔಷಧಿ ಕುಡೀತಾವ!’ ಎಂದ. ಹೋಟೆಲಿನವರು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕಿವಿಗೆ ಬಿದ್ದದ್ದೇ ಬಿದ್ದದ್ದು, ಅವನ ಗಂಟಲು ತೆರೆಯಿತು. ಕೂದಲು ಉದುರೂದಿಲ್ಲ! ವಾಂತಿ ಇಲ್ಲ! ಮೈ ಸುಡೂದಿಲ್ಲ! ನೇರ ಹೋಗಿ ಕ್ಯಾನ್ಸರಿನ ಬುಡಕ್ಕೇ ಕೈ ಹಾಕ್ತದ! ನಿಮ್ಮ ಮನಿ ಮಗಳು ಕಂಡುಹಿಡದಾಳ! ಇಲಿ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಬೇಕೆಂದೇ ಬಿಟ್ಟನೋ? ಇಲಿ ಎಂದರೆ ಜನ ಮುಖ ಕಿವುಚುತ್ತಾರೆ, ಎದುರಿಗೆ ಊಟವಿದೆ, ಗಂಧದ ಹಾರ ಹಾಕಿಕೊಂಡ ಹುಡುಗಿಯ ಪಕ್ಕ ಇಲಿ ಚೆಂದ ಕಾಣುವುದಿಲ್ಲ ಎಂದು ಆ ಕ್ಷಣ ಅನಿಸಿದ್ದು ನಿಜ. ಊಟದ ಪಂಕ್ತಿಯಲ್ಲಿ ಕಿಟ್ಟಣ್ಣ ಬಡಿಸುವುದನ್ನು ಬಿಟ್ಟು ಬಂದು ರಘೋತ್ತಮನ ಎಂಜಲು ಕೈಯನ್ನೇ ಹಿಡಿದುಕೊಂಡ. ನಮ್ಮ ಸರೋಜಿನಿಗೂ ಆಗ್ತದಾ ರಾಯರೆ? ‘ಯಾಕಾಗೂದಿಲ್ಲ?’ ಎಂದ ರಘೋತ್ತಮ. ಗೊತ್ತಿಲ್ಲ ಎನ್ನಬಹುದಿತ್ತು. ಅವನ ಹಳ್ಳಿಯ ಶಾಲೆಯ ಮಾಸ್ತರರು ಗೊತ್ತಿಲ್ಲ ಎಂದವನ ಕೈಗಂಟಿಗೆ ಹೊಡೆಯುತ್ತಿದ್ದರು, ತಪ್ಪು ಉತ್ತರವನ್ನು ಗಟ್ಟಿಯಾಗಿ ಕೂಗಿದವನನ್ನು ಕೂರಿಸಿಬಿಡುತ್ತಿದ್ದರು. ಅವತ್ತಿನಿಂದ ಅವನು ಎಲ್ಲ ಕಡೆಯೂ ಗಟ್ಟಿಯಾಗಿ ಕೂಗಿಯೇ ಕೂತವನು.

ಔರಂಗಾಬಾದಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ವಿದ್ಯಾಪೀಠದ ಹಿಂದಿನ ಬೋಳು ಗುಡ್ಡ ತೀರ ಹತ್ತಿರ ಬಂದು ನಿಂತಂತೆ ಕಾಣಿಸಿತು. ವಿಭಾಗದ ಬಾಗಿಲಲ್ಲಿ ಕಾವಲಿನವನು ತಡೆದು ಯಾರು, ಯಾಕೆ ಎಂದು ಕೇಳಿ, ಬೂಟು ಬಿಚ್ಚಿಸಿ, ಸವೆದ ನೀಲಿ ಚಪ್ಪಲಿ ಕೊಟ್ಟ. ಒಂದು ದೊಡ್ಡದು, ಒಂದು ಸಣ್ಣದು. ಅದನ್ನು ಎಳೆಯುತ್ತ ನಿಂತಿದ್ದಾಗ ಪ್ರಾಚಿ ಬಿಳಿ ಕೋಟಿನಲ್ಲಿ ಇಳಿದು ಬಂದಳು. ಕಣ್ಣ ಕೆಳಗೆ ಕಪ್ಪು, ಬೆರಳುಗಳ ಮೇಲೆ ಕೈಗವಸಿನ ಪುಡಿ.

‘ಅಪ್ಪಾ! ಫೋನ್ ಕರಾಯಚಾ ನಾ! ಆಯಿ ಬರೀ ಆಹೇ ನಾ?’ ಫೋನ್ ಮಾಡದೆ ಬಂದಿದ್ದಾನಲ್ಲ, ಅಮ್ಮ ಹುಷಾರಿದ್ದಾಳೆ ತಾನೆ ಎಂದು ಅವಳಿಗೆ ಗಾಬರಿ.

‘ನಿಮ್ಮವ್ವ ಆರಾಮ ಇದ್ದಾಳ. ಇದು ಚಕ್ಕುಲಿ. ನಿನ್ನ ಆ ಔಷಧಿ ಒಂದು ಬಾಟ್ಲಿ ಬೇಕು.’

ಅವಳು ನಕ್ಕಳು. ಅವನ ಮುಖ ನೋಡಿದ ಮೇಲೆ ನಗೆ ನಿಂತಿತು. ಅವನು ಎಲ್ಲವನ್ನೂ ಹೇಳಿದ, ಗಟ್ಟಿಯಾಗಿಯೇ ಹೇಳಿದ. ಪಡಸಾಲೆಯ ಎರಡೂ ಕಡೆಯ ಬಾಗಿಲುಗಳಿಂದ ಹುಡುಗ ಹುಡುಗಿಯರ ತಲೆಗಳು ಹೊರಗೆ ಬಂದವು. ಸರೋಜಿನಿ ಕೀಮೋ ಬಿಟ್ಟು ತಿಂಗಳಾಗುತ್ತ ಬಂತು ಎಂದಾಗ ಪ್ರಾಚಿ ಗೋಡೆಗೆ ಕೈ ಊರಿದಳು.

ಅವನನ್ನು ಒಂದು ಸಣ್ಣ ಕೋಣೆಗೆ ಕರೆದೊಯ್ದಳು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಿತ್ರ ತೆರೆದಳು. ಬೂದು ಬಣ್ಣದ ಉಂಡೆಗಳು, ಮೈ ತುಂಬ ತೂತು, ತೂತಿನ ಪಕ್ಕ ತೂತು, ಸಾಲು ತಪ್ಪದ ತೂತು. ಜೇನುಹುಟ್ಟಿನ ಹಾಗಿತ್ತು. ಅವನಿಗೆ ಅದಕ್ಕಿಂತ ಊರಿನ ಬಾವಿಯ ಮೆಟ್ಟಿಲ ಮೇಲೆ ಬಿದ್ದಿರುತ್ತಿದ್ದ ಮೈಯುಜ್ಜುವ ಕಲ್ಲು ನೆನಪಾಯಿತು, ಹಗುರವಾದ, ಮೈಯೆಲ್ಲ ತೂತಿನ ಕಲ್ಲು. ಅವ್ವ ಅದರಿಂದ ಅವನ ಹಿಮ್ಮಡಿಯನ್ನು ರಕ್ತ ಬರುವವರೆಗೆ ಉಜ್ಜುತ್ತಿದ್ದಳು. ಇಷ್ಟೇ? ಇದಕ್ಕೇ ಅವನು ಅಷ್ಟು ಜನರ ಮುಂದೆ ಗಂಟಲು ಹರಿದುಕೊಂಡದ್ದು?

‘ಇದರಾಗ ಔಷಧಿ ತುಂಬೇದ?’

‘ಇದರಾಗ ಏನೂ ಇಲ್ಲ. ರಿಕಾಮಿ. ಖಾಲಿ.’ ಅವಳು ಕನ್ನಡವನ್ನು ಹುಡುಕಿ ಹುಡುಕಿ ಆಡಿದಳು, ಇವತ್ತು ಅವನಿಗೆ ತಪ್ಪು ತಿಳಿಯಬಾರದು ಎಂದು ಇರಬೇಕು. ‘ತುಂಬಿದ್ದು ಬ್ಯಾರೆ ಅದ. ಅದನ್ನ ಇಲಿಗೆ ಕೊಟ್ಟೇವಿ. ಗಾಂಠ ಸಣ್ಣ ಆತು, ಖರೇ. ಪುಢೇ... ಮುಂದ ಮತ್ತ ಬೆಳೀತು. ಎಷ್ಟೋ ಇಲಿ ಸತ್ತವು ಅಪ್ಪಾ. ಕಣಾ ಹೋಗಿ ಲಿವರ್‌ದಾಗ ಕೂಡ್ತಾವ, ಹೊರಗ ಬರೂದಿಲ್ಲ. ಯಾಕ ಅಂತ ಹುಡುಕೂದೇ ಈಗಿನ ಕೆಲಸ. ಮನಷ್ಯಾರಿಗೆ ಕೊಡ್ಲಿಕ್ಕೆ ಹತ್ತು ವರ್ಷ, ಹದಿನೈದು ವರ್ಷ. ಕದಾಚಿತ್... ಬಹುಶಃ ಕೊಡೂದೇ ಇಲ್ಲ.’

‘ಸಾಯ್ಲಿಕ್ಕೆ ಬಿಟ್ಟಾಕಿಗೆ ಕೊಟ್ರ ಹೋಗೂದೇನು? ಒಂದು ಬಾಟ್ಲಿ. ಯಾರಿಗೂ ಹೇಳೂದಿಲ್ಲ.’

‘ಆಕಿ ಸಾಯ್ಲಿಕ್ಕೆ ಬಿಟ್ಟಾಕಿ ಅಲ್ಲ!’ ಪ್ರಾಚಿಯ ದನಿ ಏರಿತು. ಅವನ ಮುಂದೆ ಅವಳ ದನಿ ಏರಿದ್ದು ಇದೇ ಮೊದಲು. ‘ಕೀಮೋ ತಗೊಂಡ್ರ ಉಳೀತಾಳ. ನೀವೇ ಹೇಳಿದ್ರಿ ಡಾಕ್ಟರ್ ಹಂಗ ಅಂದ್ರು ಅಂತ. ನಾ ಇದನ್ನ ಕೊಟ್ರ ಖೂನ್ ಆಗ್ತದ. ಖೂನ್!’

‘ದನಿ ಇಳಿಸು!’ ಎಂದು ಅವನು ಮೇಜು ಗುದ್ದಿದ. ಮೇಜಿನ ಮೇಲಿನ ಗಾಜಿನ ಕೊಳವೆಗಳು ಕಿಣಿಕಿಣಿ ಎಂದವು. ಬಾಗಿಲಲ್ಲಿ ಒಬ್ಬ ಹುಡುಗಿ ಬಂದು, ‘ಪ್ರಾಚಿ, ಸಗಳಂ ಠೀಕ್?’ ಎಂದಳು. ಎಲ್ಲ ಸರಿಯಿದೆ ಎಂದು ಪ್ರಾಚಿ ಕೈಸನ್ನೆ ಮಾಡಿದಳು. ಆ ಹುಡುಗಿ ಹೋಗುವಾಗ ಅವನ ಕಾಲಿನ ಜೋಡಿಯಲ್ಲದ ಚಪ್ಪಲಿ ನೋಡಿ ಹೋದಳು.

ಎಲ್ಲಿಂದಲೋ ಇಲಿಗಳ ವಾಸನೆ, ಒದ್ದೆ ಕಟ್ಟಿಗೆ ಪುಡಿಯ ವಾಸನೆ ಬರುತ್ತಿತ್ತು. ಅಥವಾ ಬರುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಪ್ರಾಚಿ ಪರದೆ ನೋಡುತ್ತಲೇ, ಮೆಲ್ಲಗೆ, ಈಗ ಪೂರ್ತಿ ಮರಾಠಿಯಲ್ಲಿ ಹೇಳಿದಳು. ಅವತ್ತು ಸ್ಟೇಜಿನ ಮೇಲೆ ನೀವು ಹೇಳಿದ ಒಂದೊಂದು ಮಾತೂ ನನಗೆ ತಿಳಿದಿತ್ತು ಅಪ್ಪಾ. ನನಗೆ ಕನ್ನಡ ಮಾತಾಡಲು ಬರುವುದಿಲ್ಲ, ಕೇಳಲು ಬರುತ್ತದೆ. ಮೈಕು ಕಸಿದುಕೊಂಡು ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ ಗೊತ್ತೇ? ಮನೆಗೆ ಹೋದ ಮೇಲೆ ನೀವು ಆಯಿಯ ಮೇಲೆ ಕೂಗಾಡುತ್ತೀರಿ. ಅಷ್ಟೇ ಕಾರಣ. ಆ ಹೆಂಗಸಿನ ಜೀವ ಹೋದರೆ ಅಷ್ಟಕ್ಕೇ ಹೋಯಿತು.

ಅವನಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನಿಸಿತು. ಕಾಲು ಹಿಡಿಯಬೇಕು ಅಂತಲೂ ಅನಿಸಿತು. ಎರಡೂ ಒಂದೇ ಉಸಿರಿನಲ್ಲಿ ಅನಿಸಿದವು, ಎರಡನ್ನೂ ಮಾಡಲಿಲ್ಲ.

‘ನಾ ಬರ್ತೀನಿ ನಾಸಿಕಕ್ಕ. ಆತ್ತಾ, ಈಗಲೇ. ನಾ ಹೇಳ್ತೀನಿ ಅವರಿಗೆ’ ಎಂದಳು, ಕೋಟಿನ ಗುಂಡಿ ಬಿಚ್ಚುತ್ತ.

‘ನೀ ಬ್ಯಾಡ’ ಎಂದ ತಟ್ಟನೆ. ‘ನಾ ಹೇಳಿದ್ದು, ನಾನೇ ಹೇಳ್ತೀನಿ.’ ಗಂಡಸಿನ ಮಾತಿನಂತೆ ಕೇಳಿಸಿತು ಅದು. ಪ್ರಾಚಿ ಒಂದು ಕ್ಷಣ ಅವನನ್ನು ಗೌರವದಿಂದ ನೋಡಿದಳು ಕೂಡ. ಅವಳು ಬಂದರೆ, ಅಪ್ಪ ಸ್ಟೇಜಿನ ಮೇಲೆ ಇಲ್ಲದ್ದನ್ನು ಹೇಳಿದರು ಎಂದು ಅವಳ ಬಾಯಿಂದ ಎಲ್ಲರ ಕಿವಿಗೆ ಬೀಳುತ್ತದೆ, ಅದಕ್ಕೆ ಬೇಡ ಎಂದದ್ದು. ಅವಳ ಆ ನೋಟವನ್ನು ಕಳ್ಳಮಾಲಿನ ಹಾಗೆ ಬಗಲಲ್ಲಿ ಇಟ್ಟುಕೊಂಡು ಅವನು ಬಸ್ ಸ್ಟ್ಯಾಂಡಿಗೆ ಬಂದ.

ಹಿಂದಿರುಗುವ ದಾರಿಯಲ್ಲಿ ಮಾತು ಜೋಡಿಸಿದ. ಕಿಟ್ಟಣ್ಣ, ಆ ಔಷಧಿ ಇನ್ನೂ ಆಗಿಲ್ಲ. ಬೇಡ, ‘ಇನ್ನೂ’ ಎಂದರೆ ನಾಳೆ ಆಗುತ್ತದೆ ಎಂದು ಅವನು ಹಿಡಿದುಕೊಳ್ಳುತ್ತಾನೆ. ಕಿಟ್ಟಣ್ಣ, ನಾ ಹೇಳಿದ್ದು ಸುಳ್ಳು. ಇಷ್ಟು ಸಾಕು. ಇಷ್ಟನ್ನು ಹೇಳಿ, ಬೈಸಿಕೊಂಡು, ಬೇಕಾದರೆ ಎರಡು ಹೊಡೆಸಿಕೊಂಡು, ನಾಳೆ ಬೆಳಿಗ್ಗೆ ತಾನೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದು. ರಸ್ತೆಯ ಪಕ್ಕ ಈರುಳ್ಳಿಯ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ಬಸ್ಸು ಆಮೆಯಂತೆ ತೆವಳುತ್ತಿತ್ತು. ಪಕ್ಕದಲ್ಲಿ ಕೂತ ಮುದುಕ ಅವನ ಹೆಗಲ ಮೇಲೆ ತಲೆ ಹಾಕಿ ಬಾಯಿ ತೆರೆದು ಮಲಗಿದ್ದ. ರಘೋತ್ತಮ ಅವನನ್ನು ದೂಡಲಿಲ್ಲ. ಯಾರದೋ ತಲೆಯ ಭಾರ ಹೊರುವುದು ಇವತ್ತು ಸುಲಭದ ಪುಣ್ಯವಾಗಿ ಕಂಡಿತು. ಹಾಗೆ ಅನಿಸಿದ್ದಕ್ಕೇ ನಾಚಿಕೆಯಾಗಿ, ದೂಡಿದ.

ದೇವಳಾಲಿ ಕ್ಯಾಂಪಿಗೆ ಬಂದಾಗ ದೀಪ ಹತ್ತಿದ್ದವು. ಹೋಟೆಲಿನಲ್ಲಿ ಸಿವಿಲ್ ಉಡುಪಿನ ಸೈನಿಕರು ದೋಸೆ ತಿನ್ನುತ್ತಿದ್ದರು. ಗಲ್ಲಾದಲ್ಲಿ ಕೂತಿದ್ದ ಕಿಟ್ಟಣ್ಣ ಅವನನ್ನು ಕಂಡದ್ದೇ ಎದ್ದು ನಿಂತ. ಖಾಲಿ ಕೈಗಳನ್ನು ನೋಡಿದ, ಆಮೇಲೆ ಹೆಗಲ ಚೀಲವನ್ನು ನೋಡಿದ, ಆಮೇಲೆ ನಕ್ಕ. ‘ಬನ್ನಿ ಬನ್ನಿ, ಒಳಗೆ ಬನ್ನಿ. ಇಲ್ಲಿ ಬೇಡ’ ಎಂದು ಕೈ ಹಿಡಿದು ಹೋಟೆಲಿನ ಹಿಂದಿನ ಮನೆಗೆ ಎಳೆದುಕೊಂಡೇ ಹೋದ. ಮೇಜಿನ ಮೇಲೆ ಬಟ್ಟೆ ಹಾಸಿತ್ತು. ಒಳಗಿನ ಕೋಣೆಯಲ್ಲಿ ಟೀವಿಯ ಸದ್ದು.

‘ಕಿಟ್ಟಣ್ಣ, ಔಷಧಿ ಇಲ್ಲ.’

‘ಇವತ್ತು ಸಿಗಲಿಲ್ವಾ? ಅಡ್ಡಿಲ್ಲ ಮಾರಾಯ್ರೆ, ಕೂತ್ಕೊಳ್ಳಿ ಮೊದಲು.’

‘ಇವತ್ತಲ್ಲ. ಇಲ್ಲೇ ಇಲ್ಲ. ಇಲಿಗೆ ಕೊಟ್ಟು ನೋಡ್ಲಿಕತ್ತಾರ, ಇಲಿ ಸಾಯ್ಲಿಕತ್ತಾವ. ನಾ ಸ್ಟೇಜ್ ಮ್ಯಾಲೆ ಹೇಳಿದ್ದು ಸುಳ್ಳು. ನಾಳೆನೇ ಆಸ್ಪತ್ರಿಗೆ ನಡೀರಿ, ನಾ ಬರ್ತೀನಿ ಸಂಗಾಟ.’

ಹೇಳಿಬಿಟ್ಟ. ಎದೆ ಹಗುರಾಗುತ್ತದೆ ಎಂದು ಕಾದ. ಕಿಟ್ಟಣ್ಣ ಅವನ ಮುಖವನ್ನೇ ನೋಡುತ್ತಿದ್ದ, ಬಾಕಿ ಮಾತು ಇನ್ನೂ ಇದೆ ಎನ್ನುವವನ ಹಾಗೆ.

‘ನನ್ನಿಂದ ಎಂತಾದ್ರೂ ತಪ್ಪಾಯ್ತಾ ರಾಯರೆ? ನಿನ್ನೆ ಬ್ಯಾಂಕಿಗೆ ಬಂದದ್ದು ಬೇಜಾರಾಯ್ತಾ?’

‘ಅಲ್ರೀ—’

‘ಅಲ್ಲ, ಪ್ರೊಫೆಸರು ಬಿಡುದಿಲ್ಲ ಅಂತಾರಾ? ಮುಂಬೈಯ ದೊಡ್ಡವರಿಗೆ ಮೊದಲು ಅಂತಾರಾ? ಹಾಗಾದ್ರೆ ಗುಟ್ಟಲ್ಲಿ ಕೊಡಿಸಿ. ಅವಳ ಮೇಲಾಣೆ, ಒಂದು ನರಪಿಳ್ಳೆಗೂ ಹೇಳುದಿಲ್ಲ.’ ಕಿಟ್ಟಣ್ಣ ಬಗ್ಗಿದ. ರಘೋತ್ತಮ ಹಿಂದೆ ಸರಿಯುವಷ್ಟರಲ್ಲಿ ಅವನ ಎರಡೂ ಕೈ ಪಾದದ ಮೇಲಿದ್ದವು. ನಲವತ್ತು ವರ್ಷ ಹಿಟ್ಟು ರುಬ್ಬಿದ, ದೋಸೆ ಎತ್ತಿದ ಕೈ. ಕಾಲುಚೀಲದ ಮೇಲಿಂದಲೂ ಅದರ ಬಿಸಿ ತಾಗಿತು.

‘ಏಳ್ರಿ! ಏಳ್ರಿ ಮ್ಯಾಲೆ! ಇಲ್ಲ ಅಂದ್ರ ಇಲ್ಲ! ಎಷ್ಟು ಸಲ ಹೇಳ್ಬೇಕು ನಿಮಗ?’ ಅವನ ಕೂಗು ಗೋಡೆಗೆ ಬಡಿದು ಬಂತು. ಟೀವಿಯ ಸದ್ದು ನಿಂತಿತು.

ಕಿಟ್ಟಣ್ಣ ಎದ್ದ. ನಿಧಾನವಾಗಿ ಕೈ ಒರೆಸಿಕೊಂಡ. ಅವನ ಮುಖದಲ್ಲಿ ಈವರೆಗೆ ರಘೋತ್ತಮ ನೋಡಿರದ ಒಂದು ಮುಖ ಬಂದು ಕೂತಿತು. ‘ಇಲ್ಲದಿದ್ರೆ ಹಾರ ಯಾಕೆ ಹಾಕಿಸಿಕೊಂಡದ್ದು?’ ಎಂದ. ಜೋರಾಗಿ ಕೇಳಲಿಲ್ಲ. ‘ಇರ್ಲಿ ಬಿಡಿ. ಇಲ್ಲ ಅಂತಾದ್ರೆ ಇನ್ನು ಯಾವ ಔಷಧಿಯೂ ಬೇಡ. ಆಸ್ಪತ್ರೆಗೆ ಹೋಗುದಿಲ್ಲ. ಮೂರು ಸಲ ನೋಡಿದ್ದೇನೆ ನಾನು. ಕೂದಲು ಕೈಗೆ ಕಿತ್ತು ಬಂದಾಗ ಬಚ್ಚಲಲ್ಲಿ ಕೂತು ಕೂಗಿದ್ದನ್ನು ನೀವು ಕೇಳಿದ್ದೀರಾ? ಬಾಯೊಳಗೆಲ್ಲ ಹುಣ್ಣು, ನೀರು ಕುಡಿಯುವಾಗ ನನ್ನ ಅಂಗಿ ಹಿಡಿದುಕೊಳ್ತಿದ್ದಳು. ಒಂದು ತಿಂಗಳಿಂದ ಉಂಡುಕೊಂಡು ನಗ್ತಾ ಇದ್ದಾಳೆ. ಸಾಯುದಾದ್ರೆ ಹಾಗೆ ನಗ್ತಾ ಸಾಯ್ಲಿ. ಮತ್ತೆ ಆ ನರಕಕ್ಕೆ ನಾನು ಕರ್ಕೊಂಡು ಹೋಗುದಿಲ್ಲ. ನೀವು ಇನ್ನು ಹೊರಡಿ.’

ಹೊರಗೆ ಯಾರೋ ಎರಡು ಮಸಾಲೆ ಎಂದು ಕೂಗಿದರು. ರಘೋತ್ತಮ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಹೋಗಿಬಿಡಬಹುದಿತ್ತು. ನಿಜ ಹೇಳಿಯಾಗಿತ್ತು, ಬೈಸಿಕೊಂಡಾಗಿತ್ತು, ಇನ್ನು ಅವರವರ ಹಣೆಬರಹ. ಮಂದಾಕಿನಿಯ ಹತ್ತಿರ, ಪ್ರಾಚಿಯ ಹತ್ತಿರ, ನಾ ಹೇಳಿದೆ, ಅವರು ಕೇಳ್ಲಿಲ್ಲ ಎಂದು ತಲೆಯೆತ್ತಿ ಹೇಳಬಹುದಿತ್ತು. ಆ ನೆಮ್ಮದಿ ಅಷ್ಟು ಹತ್ತಿರ ಬಂದು ಮೈ ತಾಗಿಸಿತು, ಅವನಿಗೆ ಅದರ ಮೇಲೆ ಅಸಹ್ಯವಾಯಿತು. ಯಾವ ನಾಲಿಗೆ ಅವಳನ್ನು ಆಸ್ಪತ್ರೆಯಿಂದ ಎಬ್ಬಿಸಿ ತಂದಿತೋ ಆ ನಾಲಿಗೆಯ ನಿಜಕ್ಕೆ ಅವಳನ್ನು ಮತ್ತೆ ಅಲ್ಲಿ ಮಲಗಿಸುವ ಶಕ್ತಿ ಇರಲಿಲ್ಲ. ಅವನು ತಿರುಗಿದ. ತನ್ನ ಬಾಯಿ ತೆರೆಯುವುದನ್ನು ತಾನೇ ದೂರದಿಂದ ನೋಡಿದ.

‘ಕಿಟ್ಟಣ್ಣ, ಕೂಡ್ರಿ. ನಾ ಖರೇ ಹೇಳ್ಲಿಲ್ಲ. ಹೇಳಬ್ಯಾಡ ಅಂದಿದ್ರು.’

ಕಿಟ್ಟಣ್ಣ ಕೂರಲಿಲ್ಲ. ಆದರೆ ಅವನ ಕತ್ತು ಮುಂದೆ ಬಂತು.

‘ಔಷಧಿ ಅದ. ಪ್ರಾಚಿ ಕಡೆ ಅದ. ಆದ್ರ ಹಂಗ ಕೊಡ್ಲಿಕ್ಕೆ ಬರೂದಿಲ್ಲ. ಮೊದಲ ಕೀಮೋ ಪೂರ್ತಿ ಮುಗಿಬೇಕು. ಐದು ಉಳದಾವಲ್ಲ, ಐದೂ ಮುಗಿಬೇಕು. ಹೊಲಾ ಹಸನ ಮಾಡಿದ ಮ್ಯಾಲೆ ಬೀಜ ಹಾಕಿದಂಗ. ನಡುವ ಬಿಟ್ಟವರಿಗೆ ಕೊಟ್ರ ಅದು ಹತ್ತೂದಿಲ್ಲ. ನೀವು ಬಿಟ್ಟೀರಿ ಅಂತ ಕೇಳಿ ಆಕಿ ನನಗ ಬೈದ್ಲು. ಅದಕ್ಕ ಸಿಟ್ಟಿನಾಗ ಇಲ್ಲ ಅಂದೆ.’

ಎಷ್ಟು ಸಲೀಸಾಗಿ ಬಂತು. ಇಡ್ಲಿಯ ಹಾಗೆಯೇ ಹೊಲವೂ ಬಂತು. ಕಿಟ್ಟಣ್ಣನ ಗಂಟಲಿನಿಂದ ಒಂದು ಸದ್ದು ಹೊರಟು, ನಗೆಯೋ ಅಳುವೋ ಆಗಿ, ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ‘ಎಂತ ಮಾರಾಯ್ರೆ ನೀವು! ಅದನ್ನು ಮೊದಲೇ ಹೇಳ್ಬಾರ್ದಾ! ನನ್ನ ಜೀವವೇ ಹೋಗಿತ್ತು!’

ಸರೋಜಿನಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ತಲೆಯ ಮೇಲೆ ಸೆರಗಿರಲಿಲ್ಲ. ದೀಪದ ಬೆಳಕಿನಲ್ಲಿ ಮೊಳಕೆ ಕೂದಲು ಹೊಳೆಯುತ್ತಿತ್ತು. ಕೆನ್ನೆಗೆ ಸ್ವಲ್ಪ ಮಾಂಸ ಬಂದಿತ್ತು. ಅವಳು ಗಂಡನನ್ನು ನೋಡಲಿಲ್ಲ.

‘ಇನ್ನೂ ಐದು ಸಲವಾ?’ ಎಂದಳು.

‘ಹೂಂ.’

‘ಅದಾದ ಮೇಲೆ ನೀವು ತಂದು ಕೊಡ್ತೀರಿ.’

‘ಕೊಡ್ತೀನ್ರಿ.’

ಅವಳು ಬಹಳ ಹೊತ್ತು ಅವನ ಮುಖವನ್ನು ನೋಡಿದಳು. ಅಕ್ಕಿ ಆರಿಸುವವರು ನೋಡುವ ಹಾಗೆ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು ಎಂದು ಒಮ್ಮೆ ಅನಿಸಿತು. ಏನೂ ತಿಳಿದಿಲ್ಲ, ಬರೀ ಹೆದರಿದ್ದಾಳೆ ಎಂದು ಮತ್ತೊಮ್ಮೆ. ‘ಈ ತಿಂಗಳು ಅನ್ನ ಅನ್ನದ ಹಾಗೆ ರುಚಿಯಾಗ್ತಿತ್ತು ರಾಯರೆ’ ಎಂದಳು. ‘ಅದನ್ನು ಬಿಟ್ಟು ಮತ್ತೆ ಅಲ್ಲಿ ಹೋಗಿ ಮಲಗ್ಬೇಕಾದ್ರೆ ನನಗೆ ಹಿಡ್ಕೊಳ್ಳಲಿಕ್ಕೆ ಎಂತಾದ್ರೂ ಒಂದು ಬೇಕಲ್ಲ. ಪ್ರಾಚಿಯ ತಲೆ ಮೇಲೆ ಆಣೆ ಮಾಡಿ.’

‘ಏ, ಎಂತದೇ ಅದು!’ ಕಿಟ್ಟಣ್ಣ ಗಾಬರಿಯಾದ. ‘ಮಕ್ಕಳ ಮೇಲೆಲ್ಲ ಆಣೆ ಹಾಕಿಸುದಾ? ರಾಯರೆ, ಅವಳ ಮಾತು ಬಿಡಿ ನೀವು.’

‘ಮಾಡಿ’ ಎಂದಳು ಸರೋಜಿನಿ.

ರಘೋತ್ತಮ ಕೈ ಚಾಚಿದ. ಅಲ್ಲಿ ಯಾರೂ ಇರಲಿಲ್ಲ. ಅಂಗೈ ಕೆಳಗೆ ಮಾಡಿ ಗಾಳಿಯಲ್ಲಿ ಕೈ ನಿಲ್ಲಿಸಿದ. ನಿಲ್ಲಿಸಿದ ಮೇಲೆ ನೋಡಿದರೆ ಕೈ ಅವನ ಸೊಂಟದ ಎತ್ತರದಲ್ಲಿತ್ತು, ಶಾಲೆಗೆ ಹೋಗುವ ಸಣ್ಣ ಹುಡುಗಿಯ ತಲೆ ಬರುವಷ್ಟು ಎತ್ತರದಲ್ಲಿ. ಈಗ ಅವಳು ಅವನ ಕಿವಿಯವರೆಗೆ ಬರುತ್ತಾಳೆ. ಮೇಲೆತ್ತಬೇಕು ಅನಿಸಿತು, ಎತ್ತಲಾಗಲಿಲ್ಲ.

‘ಪ್ರಾಚಿ ತಲಿ ಮ್ಯಾಲೆ ಆಣಿ’ ಎಂದ. ಈ ಸಲ ದನಿ ಗಟ್ಟಿಯಾಗಿ ಬರಲಿಲ್ಲ.

ಸರೋಜಿನಿ ತಲೆಯಾಡಿಸಿದಳು. ‘ನಾಳೆ ಬೆಳಿಗ್ಗೆ ಆಟೋದವನಿಗೆ ಹೇಳಿಡಿ’ ಎಂದು ಗಂಡನಿಗೆ ಹೇಳಿ ಒಳಗೆ ಹೋದಳು. ಬೀರುವಿನ ಬಾಗಿಲು ತೆರೆದ ಸದ್ದು, ಬಟ್ಟೆ ಎಳೆದ ಸದ್ದು ಕೇಳಿಸಿತು. ಕಿಟ್ಟಣ್ಣ ಮೂಗು ಸೀಟಿಕೊಳ್ಳುತ್ತ, ನಗುತ್ತ, ಕಾಫಿ ಮಾಡಿಸ್ತೇನೆ ಕೂತ್ಕೊಳ್ಳಿ ಮಾರಾಯ್ರೆ ಎನ್ನುತ್ತ ಹೋಟೆಲಿನ ಕಡೆ ಓಡಿದ. ರಘೋತ್ತಮ ನಿಂತೇ ಇದ್ದ. ಕೈ ಇನ್ನೂ ಅಲ್ಲೇ ಇತ್ತು, ತೆಗೆದರೆ ಕೆಳಗಿರುವುದು ಬಿದ್ದುಹೋಗುತ್ತದೆ ಎಂಬಂತೆ.